ಓದಿ ಹೇಳಲಾಗಿದೆ

ಕಾನೂನು ಕಾಲೇಜಿನ ಉಚಿತ ನೆರವು ಕೇಂದ್ರದಲ್ಲಿ ಬೆಳಗಿನ ಪಾಠ ನಡೆದಿತ್ತು. ಕೋರ್ಟಿಗೆ ಸಲ್ಲಿಸುವ ಪ್ರಮಾಣಪತ್ರದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಮೇಡಂ ಹೇಳಿದರು: ‘ಇಷ್ಟೂ ಪುಟ ಕಕ್ಷಿದಾರರ ಮಾತು. “ಓದಿ ಹೇಳಲಾಗಿದೆ” ಅನ್ನೋದೊಂದೇ ನಿಮ್ಮ ಮಾತು. ಅದು ಸುಳ್ಳಾದ್ರೆ ಮತ್ತೆ ಈ ಕೋಣೆಗೆ ಬರ್ಬೇಡಿ.’

ಹಿಂದಿನ ಬೆಂಚಿನ ವಿದ್ಯಾರ್ಥಿನಿ ಬರೆಯುವುದನ್ನು ನಿಲ್ಲಿಸಿದಳು. ನಿನ್ನೆ ಕೇಂದ್ರಕ್ಕೆ ಬಂದಿದ್ದ ದರ್ಜಿ ಅಕ್ಕನ ಪ್ರಮಾಣಪತ್ರದಲ್ಲಿ ಆ ಸಾಲಿನ ಕೆಳಗೆ ಅವಳು ಸಹಿ ಹಾಕಿದ್ದಳು; ಓದಿ ಮಾತ್ರ ಹೇಳಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಅಕ್ಕ ಅವಸರಪಡಿಸಿದ್ದರು, ಇವಳೂ ತಲೆಯಾಡಿಸಿದ್ದಳು. ಮಾಲೀಕ ಬೀಗ ಜಡಿದ ಹೊಲಿಗೆ ಅಂಗಡಿಯನ್ನು ಬಿಡಿಸಿಕೊಡಿ ಎಂಬ ಅರ್ಜಿಯ ಜೊತೆ ಅದು ಇವತ್ತೇ ಮಧ್ಯಾಹ್ನ ಮೂರರೊಳಗೆ ಕೋರ್ಟಿಗೆ ಹೋಗಬೇಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ.

ಪಾಠ ಮುಗಿದ ಮೇಲೆ ಹೋಗಿ ಹೇಳಿಬಿಟ್ಟಳು. ಮೇಡಂ ಬೈಯಲಿಲ್ಲ. ಗಡಿಯಾರ ನೋಡಿ, ಆ ಅಕ್ಕನ ಮನೆ ಎಷ್ಟು ದೂರ ಎಂದು ಕೇಳಿದರು.

ಅಕ್ಕ ಮನೆಯ ಹಜಾರದಲ್ಲೇ ಯಂತ್ರ ಇಟ್ಟುಕೊಂಡು ಹೊಲಿಯುತ್ತಿದ್ದರು. ಇವಳು ಪಕ್ಕದಲ್ಲಿ ಕೂತು ಓದತೊಡಗಿದಾಗ ಮೂರು ಪ್ಯಾರಾದವರೆಗೆ ಹೂಂಗುಟ್ಟುತ್ತ ಯಂತ್ರ ತುಳಿಯುತ್ತಲೇ ಇದ್ದರು. ಹನ್ನೆರಡನೇ ತಾರೀಖು ತನ್ನ ಕಣ್ಣೆದುರೇ ಮಾಲೀಕ ಬೀಗ ಹಾಕಿದ ಎಂಬಲ್ಲಿ ಕಾಲು ನಿಂತಿತು.

‘ತಡಿ ತಂಗಿ. ನಾನೆಲ್ಲಿ ನೋಡ್ದೆ? ಅವತ್ತು ನಮ್ಮತ್ತೇನ ಆಸ್ಪತ್ರೆಗೆ ಸೇರಿಸ್ತಾ ಇದ್ದೆ. ನೋಡಿದ್ದು ಎದುರು ಕ್ಷೌರದಂಗಡಿಯವ್ರು.’

ತೂಕ ಬರಲಿ ಎಂದು ‘ಕಣ್ಣೆದುರೇ’ ಎಂಬುದನ್ನು ಸೇರಿಸಿದ್ದು ಇವಳೇ. ಆಸ್ಪತ್ರೆಯ ಪುಸ್ತಕದಲ್ಲಿ ಅದೇ ತಾರೀಖಿಗೆ ಅಕ್ಕನ ಸಹಿ ಇತ್ತು. ಎದುರು ವಕೀಲರ ಕೈಗೆ ಅದು ಸಿಕ್ಕಿದ್ದರೆ ಅಂಗಡಿಯ ಆಸೆ ಬಿಡಬೇಕಿತ್ತು. ಇವಳು ತಪ್ಪೊಪ್ಪಿಕೊಂಡಾಗ ಅಕ್ಕ ನಕ್ಕರು.

‘ಅಳತೆ ತಪ್ಪಿದ ಅಂಗಿ ನಾನೆಷ್ಟು ಬಿಚ್ಚಿಲ್ಲ? ಗಿರಾಕಿ ಹಾಕ್ಕೊಳೋಕೆ ಮುಂಚೆ ಗೊತ್ತಾಯ್ತಲ್ಲ, ಬಿಡು.’

ತಿದ್ದಿ ಟೈಪು ಮಾಡಿಸಿ, ಕೋರ್ಟಿನ ಮೆಟ್ಟಿಲ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಓದಿ ಹೇಳಿದಳು. ಅಕ್ಕ ಎರಡು ಕಡೆ ನಿಲ್ಲಿಸಿ ಪ್ರಶ್ನೆ ಕೇಳಿದರು, ಆಮೇಲೆ ಸಹಿ ಹಾಕಿದರು. ಎರಡು ಐವತ್ತಕ್ಕೆ ಗುಮಾಸ್ತರು ಮೊಹರು ಒತ್ತಿದರು. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಅವಳಿಗೆ ಆಗ ನೆನಪಾಯಿತು.

ಸಂಜೆ ಮೇಡಂ ಕೇಂದ್ರದ ದಿನಚರಿಯನ್ನು ಮುಂದಿಟ್ಟು ಸಹಿ ಹಾಕಲು ಹೇಳಿದರು. ಪೆನ್ನೆತ್ತಿದವಳು ತಡೆದು, ಮೊದಲು ಓದಿದಳು: ‘ಓದಿ ಹೇಳದೆ ಸಹಿ ಹಾಕಿದ್ದಳು. ತಾನಾಗಿ ಒಪ್ಪಿಕೊಂಡು ಸರಿಪಡಿಸಿದಳು. ಸೋಮವಾರದಿಂದ ಇವಳಿಗೆ ಹೊಸ ಕಕ್ಷಿದಾರರನ್ನು ಒಪ್ಪಿಸಬಹುದು.’

‘ಆಯ್ತಾ?’ ಎಂದರು ಮೇಡಂ, ಚೀಲ ಹೆಗಲಿಗೇರಿಸುತ್ತ.

ಅವಳು ಇನ್ನೊಂದು ಸಲ ಓದುತ್ತಿದ್ದಳು.