ಒಣಗದ ಎಡಗಣ್ಣು

ಮಂಜು, ಹೊತ್ತು ಮೂಡಿದರೂ ಸರಿಯದ ಮಂಜು, ಕಾಲುವೆ ಬರುವ ಮುಂಚೆ ಸಿಂಧನೂರಿನಲ್ಲಿ ಇದನ್ನು ಯಾರು ಕಂಡಿದ್ದರು, ಅದಕ್ಕೇ ಹೊಸ ಬೋರ್ಡಿನ ಬಣ್ಣ ಒಣಗಿಲ್ಲ, ಅಷ್ಟೇ, ಬೇರೇನಿಲ್ಲ — ಆದರೆ ಉಳಿದದ್ದೆಲ್ಲ ಒಣಗಿದೆಯಲ್ಲ, ಬಿಸ್ಕೀಟಿನ ಡಬ್ಬಿ, ಅದನ್ನು ಎದೆಗವಚಿಕೊಂಡ ಹುಡುಗಿಯ ಗಲ್ಲ, ಕೂದಲಿನಿಂದ ನೀರಿನಂತೆ ಇಳಿದ ತುಕ್ಕಿನ ಕಲೆ, ಮೊಳೆಯ ತೂತು ಕೂಡ, ಹಸಿಯಾಗಿ ಉಳಿದದ್ದು ಎಡಗಣ್ಣು ಒಂದೇ, ಮೂರು ದಿನದಿಂದ. ಪಕ್ಕದಲ್ಲಿ ಗೋಡೆಗಾನಿಸಿದ ಹಳೆಯ ತಗಡಿನ ಬಿಸ್ಕೀಟ್ ಬೋರ್ಡಿನಲ್ಲಿ, ಬಳಗಾನೂರಿನ ಉಸ್ಮಾನ್‌ಸಾಬರ ಅಂಗಡಿಯಿಂದ ಇಳಿಸಿ ತಂದದ್ದರಲ್ಲಿ, ಆ ಕಣ್ಣೇ ಇಲ್ಲ, ತುಕ್ಕು ತಿಂದಿದೆ. ಇದ್ದದ್ದು ಇದ್ದಂಗ ಬರಿಯಪ್ಪ ಪಂಪಣ್ಣ, ತುಕ್ಕನೂ ಬಿಡಬ್ಯಾಡ, ಎಂದಿದ್ದಳು ಯಂಕಮ್ಮ, ನಮ್ಮ ಗ್ಯಾನಮ್ಮಂದು ಒಂದು ಫೋಟೋ ಇಲ್ಲ, ಥೇಟ್ ಹಿಂಗ ಇದ್ದಳು — ಆ ಗ್ಯಾನಮ್ಮ, ಅವಳ ಏಳು ವರ್ಷದ ಮಗಳು, ಮೊದಲ ನೀರು ಬಿಟ್ಟ ವರ್ಷ ಕಾಲುವೆಯಲ್ಲಿ ಮುಳುಗಿ ಹೋದವಳು. ತುಕ್ಕನ್ನೇ ಬರೆಯುತ್ತಿದ್ದೆ, ದ್ಯಾಮವ್ವನ ಮೂರ್ತಿಗೆ ಬಣ್ಣ ಹಚ್ಚುವ ಮನೆತನದ ಕೈ, ಖಾಲಿ ಕಣ್ಣು ಕಂಡರೆ ಸುಮ್ಮನಿರದು, ತಾನಾಗಿ ಬಿಡಿಸಿಬಿಟ್ಟಿತು. ಅಪ್ಪ ಹೇಳುತ್ತಿದ್ದ, ಬೆನ್ನು ತಿರುಗಿಸಿ ಕನ್ನಡಿಯೊಳಗ ನೋಡ್ಕೋತ ಕಣ್ಣು ಬಿಡಿಸಬೇಕಲೇ, ನೆಟ್ಟಗ ನೋಡಿದ್ಯೋ, ಮೊದಲ ನೋಟ ನಿನ್ನ ಮ್ಯಾಲೇ ಬೀಳ್ತೈತಿ — ನಾನು ನೆಟ್ಟಗೆ ನೋಡಿದ್ದೆ. ಅಂದಿನಿಂದ ನಾನು ಮೂಲೆಯಲ್ಲಿ ಕೂತರೂ ಅದು ನೋಡುವುದು ನನ್ನನ್ನೇ, ಬಾಗಿಲಿಗೆ ಹೋದರೂ ನನ್ನನ್ನೇ. ಅರಿವೆಗೆ ಎಣ್ಣೆ ಅದ್ದಿಕೊಂಡು ಕೂತಿದ್ದೇನೆ, ಯಂಕಮ್ಮ ಬರುವಷ್ಟರಲ್ಲಿ ಅಳಿಸಬೇಕು, ಆದರೆ ನೀರು ಒಂದು ಸಲ ಮುಚ್ಚಿದ ಕಣ್ಣನ್ನು ಈಗ ನಾನು, ಈ ಕೈಯಿಂದ, ಎರಡನೆಯ ಸಲ — ಬಂದೇಬಿಟ್ಟಳು. ಏ, ತುಕ್ಕು ಬರಿ ಅಂದ್ರ ದ್ಯಾಮವ್ವನ್ನ ಬರದಿಯೇನು, ಎಂದು ನಗುತ್ತ ಬಂದ ಯಂಕಮ್ಮ ನಗು ಅರ್ಧಕ್ಕೆ ಬಿಟ್ಟು ನಿಂತಳು. ತಪ್ಪಾತವ್ವ, ಅಳಿಸ್ತೀನಿ, ಎಂದೆ. ಬ್ಯಾಡ, ಮುಟ್ಟಬ್ಯಾಡ, ಎಂದಳು, ಗ್ಯಾನಮ್ಮಗ ಕಣ್ಣು ಬ್ಯಾನಿ ಬಂದಾಗ ದ್ಯಾಮವ್ವಗ ಬೆಳ್ಳಿ ಕಣ್ಣು ಕೊಡ್ತೀನಂತ ಹರಕಿ ಹೊತ್ತಿದ್ದೆ, ಕೂಸು ಆರಾಮಾತು, ಕಣ್ಣು ಮಾಡಿಸಿಟ್ಟೆ, ಇವತ್ತು ನಾಳೆ ಅನ್ನೂದ್ರಾಗ ನೀರು ಬಂತು, ಕೂಸಿನ್ನ ಒಯ್ದಾಕೀಗೆ ಯಾಕ ಕೊಡ್ಲಿ ಅಂತ ಹನ್ನೊಂದು ವರ್ಷ ಸೆರಗಿನ್ಯಾಗ ಕಟ್ಕೊಂಡು ತಿರುಗೀನಿ, ತಗಡಿನ್ಯಾಗಿಂದ ಕಣ್ಣು ಹೋದಾಗ, ತನ್ನದು ತಾ ತಗೊಂಡ್ಳು, ಲೆಕ್ಕ ಚುಕ್ತಾ ಅಂದ್ಕೊಂಡೆ, ಈಗ ನೋಡು, ತಿರುಗಿ ಕೊಟ್ಟಾಳ. ಸೆರಗಿನ ಗಂಟು ಬಿಚ್ಚಿದಳು, ಗುಡಿಗೆ ಸೇರಬೇಕಾದ್ದನ್ನು ನನ್ನ ಅಂಗೈಯಲ್ಲಿಟ್ಟಳು, ಎರಡು ಬೆಳ್ಳಿ ಕಣ್ಣು, ಕಪ್ಪಿಟ್ಟಿವೆ, ಅವಳ ಮೈಯ ಬಿಸಿ ಇನ್ನೂ ಆರಿಲ್ಲ — ತಲೆ ಎತ್ತಿದರೆ, ಆ ಹಸಿ ಕಣ್ಣು, ನನ್ನನ್ನು ನೋಡುತ್ತಿಲ್ಲ ಈಗ, ಅವಳನ್ನು, ಆ ಹಸಿ ಕಣ್ಣು, ಅವಳನ್ನು —