ಎಲೆಯ ಬೆನ್ನು

"ನಿನ್ನ ಮುಖದಲ್ಲಿರೋದು ಕಣ್ಣೋ, ಅಲಸಂದೆ ಕಾಳೋ? ಇಷ್ಟಗಲ ಮಚ್ಚೆ ಕಾಣಲ್ವೇನೇ ನಿಂಗೆ?"

ತೋಟದ ಇಂಜಿನಿಯರ್ ಸಾಲ್ತೋಸ್ ಬಾಳೆಲೆಯ ಹರುಕನ್ನು ದಿಗ್ನಾಳ ಮೂಗಿಗೆ ತಾಗುವ ಹಾಗೆ ಹಿಡಿದಿದ್ದ. ಗೊನೆ ತೊಳೆಯುವ ತೊಟ್ಟಿಯ ಸುತ್ತ ಹನ್ನೆರಡು ಹೆಂಗಸರು ಕೈ ನೀರಲ್ಲಿ ಬಿಟ್ಟುಕೊಂಡೇ ನಿಂತುಬಿಟ್ಟಿದ್ದರು. ಎಲ್ಲರೂ ನೋಡಲಿ ಅಂತಲೇ ಅವನು ಅವಳನ್ನು ಅಲ್ಲಿಗೆ ಕರೆಸಿದ್ದು.

"ಮಚ್ಚೆ ಕಾಣ್ತದೆ ಸ್ವಾಮಿ," ಅಂದಳು ದಿಗ್ನಾ. "ಕರಿಚುಕ್ಕೆ ಕಾಣಾಕಿಲ್ಲ."

"ಓಹೋ! ಎರಡೂ ಬೇರೆ ಬೇರೆಯೋ?"

"ಬೇರೆ ಸ್ವಾಮಿ. ಎಲೆ ಮಗುಚಿ ನೋಡಿ."

ಅವನು ಮಗುಚಲಿಲ್ಲ. ತೊಟ್ಟಿಯ ಹೆಂಗಸರ ಕಡೆ ತಿರುಗಿ ನಕ್ಕ. "ಕೇಳಿದ್ರೇನ್ರೇ? ಐದು ವರ್ಷ ಕೃಷಿ ಕಾಲೇಜಲ್ಲಿ ಮಣ್ಣು ಹೊತ್ತವನು ನಾನು. ಇವಳು ನಂಗೆ ಎಲೆ ಓದೋದು ಕಲಿಸ್ತಾಳೆ. ಹೆಸರು ಬರೆಯೋಕೆ ಅರ್ಧ ದಿನ ಬೇಕು ಈ ಮೂದೇವಿಗೆ!" ಒಬ್ಬಿಬ್ಬರು ನಕ್ಕರು. ನಗದಿದ್ದರೆ ನಾಳೆ ತೊಟ್ಟಿಯ ಹತ್ತಿರ ಜಾಗ ಇರುವುದಿಲ್ಲ, ಅದಕ್ಕೆ.

ದಿಗ್ನಾ ಆ ತೋಟದಲ್ಲಿ ಎಲೆ ಓದಲು ಹಿಡಿದು ಹನ್ನೊಂದು ವರ್ಷ. ಅವಳಿಗೆ ಕಲಿಸಿದವನು ಸತ್ತುಹೋದ ಹಳೇ ಮೇಸ್ತ್ರಿ. ವಾರಕ್ಕೊಮ್ಮೆ ಒಂದೊಂದು ಪಟ್ಟೆಯಲ್ಲಿ ಹತ್ತು ಗಿಡ. ಕೊಕ್ಕೆ ಕಟ್ಟಿದ ಬಿದಿರಿನಿಂದ ಎಲೆ ಬಗ್ಗಿಸಬೇಕು, ಬಿಚ್ಚದ ಸುಳಿಯನ್ನು ಬಿಟ್ಟು ಮೇಲಿಂದ ಎಣಿಸುತ್ತ ಬರಬೇಕು, ಚುಕ್ಕೆ ಮೊದಲು ಸಿಕ್ಕ ಎಲೆ ಎಷ್ಟನೆಯದೋ ಆ ಸಂಖ್ಯೆ ಬರೆಯಬೇಕು. ಎಂಟು, ಒಂಬತ್ತು ಬಂದರೆ ತೋಟ ಗಟ್ಟಿಯಾಗಿದೆ. ಮೂರೋ ನಾಲ್ಕೋ ಬಂದರೆ ಬೂಷ್ಟು ನೆತ್ತಿಗೇರಿದೆ, ಔಷಧಿ ಸುರಿಯುವ ವಿಮಾನ ಕರೆಸಬೇಕು. ಓದಿದವರು ಈ ಕರಿಚುಕ್ಕೆಯನ್ನು ಸಿಗಟೋಕ ಅನ್ನುತ್ತಾರೆ. ಅದು ಎದುರಿನಿಂದ ಬರುವುದಲ್ಲ, ಎಲೆಯ ಬೆನ್ನಿನಿಂದ ಒಳಹೊಗುತ್ತದೆ. ಮೊದಲು ಸೂಜಿಮೊನೆ ಗೀರಿದಷ್ಟು, ಮೊಳೆತುಕ್ಕಿನ ಬಣ್ಣ, ನರದ ಜೊತೆಜೊತೆಗೇ ಒಂದು ಗೀರು. ದಿನ ಕಳೆದ ಹಾಗೆ ಗೀರು ಉದ್ದವಾಗಿ, ಕಪ್ಪಾಗಿ, ನಡುವೆ ಬೂದಿ ಬಣ್ಣಕ್ಕೆ ತಿರುಗಿ, ಸುತ್ತ ಹಳದಿ ಬಳೆ ತೊಟ್ಟುಕೊಳ್ಳುತ್ತದೆ. ಹಾಗೆ ಸುಟ್ಟ ಗಿಡದ ಗೊನೆ ಹಡಗು ಹತ್ತುವ ಮೊದಲೇ ಹಣ್ಣಾಗಿಬಿಡುತ್ತದೆ. ಧಣಿ ಹೆದರುವುದು ಅದಕ್ಕೇ.

ಆದರೆ ಈಗ ಬಂದಿರುವುದು ಅದಲ್ಲ. ಈ ಮಚ್ಚೆ ಎಲೆಯ ಮೇಲ್ಮೈಯಲ್ಲಷ್ಟೇ ಇತ್ತು, ದಂಟಿನ ಪಕ್ಕದ ಕಾಲುವೆಯಲ್ಲಿ, ಹನಿ ಇಳಿದು ನಿಲ್ಲುವ ಕಡೆಯೇ. ಹಂದಿಕೊಬ್ಬಿನ ತೊಟ್ಟು ಕಾಗದದ ಮೇಲೆ ಬಿದ್ದ ಹಾಗೆ. ಎಲೆಯ ಬೆನ್ನು ಮಾತ್ರ ಆಗತಾನೆ ಹುಟ್ಟಿದ ಮಗುವಿನ ಬೆನ್ನಿನಷ್ಟು ನಯ. ಔಷಧಿಗೆ ಹೊಸ ಎಣ್ಣೆ ಬೆರೆಸಿ ವಿಮಾನ ಸುರಿಯಲು ಶುರುಮಾಡಿದ ಮೇಲೆ ಕಾಣಿಸಿಕೊಂಡದ್ದು ಅದು. ಸುರಿದದ್ದೇ ಎಲೆಯನ್ನು ಸುಟ್ಟಿದೆ. ಸುಟ್ಟದ್ದನ್ನು ನೋಡಿ ಇಂಜಿನಿಯರ್ ರೋಗ ಅನ್ನುತ್ತಾನೆ, ರೋಗ ಅಂದಾಗ ವಿಮಾನ ಬರುತ್ತದೆ, ವಿಮಾನ ಬಂದಷ್ಟೂ ಎಲೆ ಸುಡುತ್ತದೆ. ಐದು ವಾರದಲ್ಲಿ ನಾಲ್ಕು ಸಲ ಬಂದುಹೋಯಿತು.

ಆ ನಾಲ್ಕು ಸಲವೂ ವಿಮಾನದ ಕೆಳಗೆ ಗುರುತಿಗೆ ಬಾವುಟ ಹಿಡಿದು ನಿಂತವನು ಅವಳ ಗಂಡ ನಿಕಾನೋರ್.

*

ಮಧ್ಯಾಹ್ನ ಅವಳು ಕೂಲಿಗಳ ಸಾಲುಮನೆಗೆ ಬಂದಾಗ ನಿಕಾನೋರ್ ಬಾಗಿಲಲ್ಲಿ ಕೂತು ಬೇಯಿಸಿದ ಬಾಳೆಕಾಯಿ ಮುದ್ದೆ ಮುರಿಯುತ್ತಿದ್ದ. ಬೆರಳು ಮಡಚಲು ಬರುತ್ತಿರಲಿಲ್ಲ. ಎರಡು ಅಂಗೈಯ ನಡುವೆ ಒತ್ತಿ ಮುರಿಯುತ್ತಿದ್ದ.

"ದವಾಖಾನೆಗೆ ಹೋಗಿದ್ಯಾ? ಏನಂದ ಡಾಕ್ಟ್ರು?"

"ಬಿಸ್ಲು ಆಗ್ಬರಾಕಿಲ್ಲ ನಿಂಗೆ, ತುಂಬುತೋಳಿನ ಅಂಗಿ ಹಾಕು ಅಂದ."

"ಐವತ್ತು ವರ್ಷ ಬಿಸ್ಲಲ್ಲೇ ಬೆಳೆದೋನಿಗೆ?"

"ನಾನೂ ಅಂಗೇ ಕೇಳ್ದೆ ಕಣೆ. ಇದೇನ್ ಸ್ವಾಮಿ, ಸೂರ್ಯಂಗೆ ಈಗ ನೆನಪಾಯ್ತಾ ನನ್ನ ಅಡ್ರೆಸ್ಸು ಅಂತ. ಹೊರಗೋಗು ಅಂದ." ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಆಮೇಲೆ ಎರಡೂ ತೋಳು ಅವಳ ಮುಂದೆ ಚಾಚಿದ. "ತೋಟದ ಎಲೆನೆಲ್ಲ ಓದ್ತೀಯಲ್ಲ, ಇದ್ನೂ ಓದ್ಬುಡು. ಎಷ್ಟನೇ ಎಲೆ ನಾನು?"

"ಸುಮ್ಕಿರು."

"ಓದೇ ಅಂದ್ರೆ!"

ದಿಗ್ನಾ ತೋಳು ಹಿಡಿದಳು. ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮಗುಚಿತು. ತೋಳಿನ ಒಳಮೈ ಬೆಳ್ಳಗೆ ಸ್ವಚ್ಛವಾಗಿತ್ತು. ಹೊರಮೈ ಮಾತ್ರ ಮೊಣಕೈಯಿಂದ ಬೆರಳಿನವರೆಗೆ ಕಂದುಮಚ್ಚೆ ಮಚ್ಚೆಯಾಗಿ ಸುಲಿದಿತ್ತು, ಎಣ್ಣೆಯ ಹನಿ ಎಲ್ಲೆಲ್ಲಿ ಇಳಿದು ನಿಂತಿತ್ತೋ ಅಲ್ಲಲ್ಲೇ.

ಅವಳು ತೋಳು ಬಿಡಲಿಲ್ಲ.

"ಶುಕ್ರವಾರ ಮತ್ತೆ ಬರ್ತದಂತೆ," ಅಂದ ನಿಕಾನೋರ್.

"ನಾ ಬರಿಯೋ ನಂಬರ್‌ಗೆ ಬರಾಕಿಲ್ಲ. ಎಂಟು, ಒಂಬತ್ತು ಬರ್ತಾ ಅದೆ. ಎಂಟಕ್ಕೆ ಯಾವನು ಕರೆಸ್ತಾನೆ ವಿಮಾನನ?"

"ಅವ್ನು ಕರೆಸ್ತಾನೆ. ಎಣ್ಣೆ ಕಂಪನಿಯೋರು ಅವಂಗೆ ಹೊಸ ಜೀಪ್ ಕೊಡ್ಸವ್ರೆ, ಗೊತ್ತಿಲ್ವಾ ನಿಂಗೆ?"

"ಬಂದ್ರೆ ಬರ್ಲಿ. ನೀ ನಿಲ್ಬೇಡ."

"ನಿಲ್ದಿದ್ರೆ ರೂಮ್ ಬುಡು ಅಂತಾನೆ. ಬುಟ್ಟು ಎಲ್ಲಿಗೋಗದು?" ಅವನು ಗಲ್ಲ ಎತ್ತಿ ತೋರಿಸಿದ. ಮುಂದೆ ಬಾಳೆ, ಬಲಕ್ಕೆ ಬಾಳೆ, ಎಡಕ್ಕೆ ಪಕ್ಕದ ಧಣಿಯ ಬಾಳೆ. ಹಿಂದೆ ನದಿ, ನದಿಯಾಚೆಗೂ ಬಾಳೆಯೇ. ಒಂದು ತೋಟದಿಂದ ಓಡಿಸಿದವನ ಹೆಸರು ಮಿಕ್ಕ ತೋಟಗಳಿಗೆ ಅವನಿಗಿಂತ ಮೊದಲೇ ನಡೆದು ಹೋಗಿರುತ್ತದೆ. ದಿಗ್ನಾಳ ಅಣ್ಣ ಹಾಗೆ ಏಳು ತೋಟದ ಗೇಟು ಬಡಿದು, ಎಂಟನೆಯದಕ್ಕೆ ಹೋಗದೆ ಎಲ್ಲಿ ಹೋದನೋ ಇವತ್ತಿಗೂ ಯಾರಿಗೂ ತಿಳಿಯದು.

*

ಗುರುವಾರ ಅವಳು ಕಚೇರಿಗೆ ಹೋದದ್ದು ಆ ವಾರದ ಎಣಿಕೆಯ ಕಾಗದದ ಜೊತೆ ಒಂದು ಎಲೆಯನ್ನೂ ಮಡಚಿಕೊಂಡು. ಸಾಲ್ತೋಸ್ ಮೇಜಿನ ಮೇಲೆ ಬೂಟುಗಾಲು ಇಟ್ಟುಕೊಂಡು ಕೂತಿದ್ದ.

"ಸ್ವಾಮಿ, ಇದೊಂದ್ ನೋಡಿ. ಹನ್ನೆರಡು ದಿನದ ಹಿಂದೆ ಮಚ್ಚೆ ಸುತ್ತ ಪೆನ್ನಲ್ಲಿ ಗೆರೆ ಎಳ್ದಿದ್ದೆ. ಕರಿಚುಕ್ಕೆ ಆಗಿದ್ರೆ ಇಷ್ಟೊತ್ಗೆ ಗೆರೆ ದಾಟ್ಬೇಕಿತ್ತು. ದಾಟಿಲ್ಲ. ಬೂಷ್ಟು ಅಂದ್ರೆ ಜೀವ ಇರೋದು, ಬೆಳೀತದೆ. ಇದು ಸುಟ್ಟ ಗಾಯ ಸ್ವಾಮಿ, ಇದ್ದಂಗೇ ಅದೆ. ಪಟ್ಣದ ಲ್ಯಾಬಿಗೆ ಕಳ್ಸಿ. ನನ್ ಮಾತು ಸುಳ್ಳಾದ್ರೆ ನೀವು ಹೇಳ್ದಂಗೆ ಕೇಳ್ತೀನಿ."

ಅಷ್ಟುದ್ದ ಮಾತನ್ನು ಅವಳು ಆ ಕೋಣೆಯಲ್ಲಿ ಯಾವತ್ತೂ ಆಡಿರಲಿಲ್ಲ. ಸಾಲ್ತೋಸ್ ಕಾಲು ಕೆಳಗಿಳಿಸಿದ. ಎಲೆ ಇಸಕೊಂಡ. ಪೆನ್ನಿನ ಗೆರೆಗಳನ್ನು ಒಂದೊಂದಾಗಿ ನೋಡಿದ, ಬೆಳಕಿಗೆ ಹಿಡಿದ. ಈ ಸಲ ಮಗುಚಿಯೂ ನೋಡಿದ. ಒಂದು ಗಳಿಗೆ ಅವನ ಮುಖ ಕಾಲೇಜು ಹುಡುಗನ ಮುಖದಂತಾಯಿತು. ಅವನಿಗೆ ಗೊತ್ತಾಯಿತು ಅಂತ ದಿಗ್ನಾಳಿಗೂ ಗೊತ್ತಾಯಿತು.

ಆಮೇಲೆ ಅವನು ಬಗ್ಗಿ ಅದೇ ಎಲೆಯಿಂದ ಬೂಟಿನ ಕೆಸರು ಒರೆಸಿಕೊಂಡ. ಮೊದಲು ಎಡದ್ದು, ಆಮೇಲೆ ಬಲದ್ದು. ಉಂಡೆ ಮಾಡಿ ಅವಳ ಕೈಗೇ ಕೊಟ್ಟ.

"ಹೊರಗೆ ಎಸೆದುಬಿಡು. ಕಾಗದ ಕೊಡು."

ಹತ್ತು ಗಿಡದ ಹತ್ತು ಸಂಖ್ಯೆಗಳನ್ನು ಅವನು ಒಂದೇ ಗೀಟಿನಲ್ಲಿ ಹೊಡೆದು ಹಾಕಿದ. ಪಕ್ಕದಲ್ಲಿ ಸಾಲಾಗಿ ಮೂರು, ಮೂರು, ನಾಲ್ಕು, ಮೂರು ಅಂತ ಬರೆದ. "ಹೆಸರು ಹಾಕು. ಧಣಿ ಕೇಳಿದರೆ ಎಲೆ ಓದೋಳೇ ಬರೆದದ್ದು ಅನ್ನಬೇಕು."

"ನಾ ಬರ್ದಿದ್ದಲ್ಲ ಅದು."

"ಸರಿ, ಹಾಕಬೇಡ. ರೂಮಿನ ಬೀಗದ ಕೈ ತಂದು ಈ ಮೇಜಿನ ಮೇಲಿಡು. ಆ ಕೆಮ್ಮೋ ನಾಯಿನೂ ಕರಕೊಂಡು ಹೋಗು."

ದಿಗ್ನಾ ಹೆಸರು ಹಾಕಿದಳು. ಅರ್ಧ ದಿನವೇನೂ ಹಿಡಿಯಲಿಲ್ಲ.

*

ಶುಕ್ರವಾರ ಬೆಳಕು ಹರಿಯುವಾಗ ನಿಕಾನೋರ್ ಎದ್ದು ಗೋಡೆ ಹಿಡಿದುಕೊಂಡು ಬಾವುಟದ ಗಳುವಿಗೆ ಕೈ ಚಾಚಿದ. ಗಳು ಆಗಲೇ ದಿಗ್ನಾಳ ಕೈಯಲ್ಲಿತ್ತು.

"ಇವತ್ತು ನಾ ನಿಲ್ತೀನಿ."

"ತಲೆ ಕೆಟ್ಟದಾ? ಹೆಂಗಸು ನಿಂತ್ರೆ ಮೇಸ್ತ್ರಿ ಏನಂತಾನೆ?"

"ಮೇಲಿರೋನಿಗೆ ಲಂಗ ಕಾಣಾಕಿಲ್ಲ. ಬಾವುಟ ಕಾಣ್ತದೆ, ಅಷ್ಟೆ."

"ಲೇ, ನಿನ್ ಮೈ ಸುಡ್ತದೆ ಕಣೇ..."

"ನಿಂದೇನು, ಕಲ್ಲಿಂದಾ? ಮಲಿಕ್ಕೋ."

ಕೆಲಸ ಇಷ್ಟೇ. ಪಟ್ಟೆಯ ಎರಡು ತುದಿಗೆ ಇಬ್ಬರು ಬಿಳಿ ಬಾವುಟ ಎತ್ತಿ ನಿಲ್ಲಬೇಕು. ವಿಮಾನ ಆ ಬಾವುಟದಿಂದ ಈ ಬಾವುಟದವರೆಗೆ ನೇರ ಗೆರೆಯಲ್ಲಿ ಸುರಿಯುತ್ತ ಬರುತ್ತದೆ, ಬಾವುಟ ದಾಟಿದ ಕೂಡಲೇ ಕೊಳವೆ ಮುಚ್ಚಿಕೊಳ್ಳುತ್ತದೆ. ಒಂದು ತುದಿಯ ಬಾವುಟ ಸಾಲುಮನೆಗಳ ಹಿಂದೆ ನಿಲ್ಲುತ್ತಿತ್ತು, ಆದ್ದರಿಂದ ಸಾಲುಮನೆ, ಬಾವಿ, ಒಣಹಾಕಿದ ಬಟ್ಟೆ ಎಲ್ಲವೂ ಗೆರೆಯ ಒಳಗೆ. ಇನ್ನೊಂದು ತುದಿಯಲ್ಲಿ ನಿಕಾನೋರ್ ನಿಲ್ಲುವ ಜಾಗಕ್ಕೆ ಸಾಲ್ತೋಸ್ ತಾನೇ ಬಂದು ಗೂಟ ಹೊಡೆಸಿದ್ದ, ಕಾಲುವೆಗೆ ನೂರು ಹೆಜ್ಜೆ ಈಚೆಗೆ. ಕಾಲುವೆಯಾಚೆ ಇಂಜಿನಿಯರನ ಬಿಳಿಮನೆ.

ದಿಗ್ನಾ ಗೂಟದ ಹತ್ತಿರ ಬಂದಳು. ಹಿಂದಿರುಗಿ ನೋಡಿದಳು. ದೂರದ ತುದಿಯಲ್ಲಿ ಇನ್ನೊಂದು ಬಾವುಟ ಆಗಲೇ ಮೇಲೆದ್ದಿತ್ತು. ವಿಮಾನದ ಸದ್ದು ನದಿಯ ಕಡೆಯಿಂದ ಬರುತ್ತಿತ್ತು. ಅವಳು ಗೂಟ ದಾಟಿದಳು. ಗೆರೆ ಬಿಡದೆ, ಎಡಕ್ಕೂ ಸರಿಯದೆ ಬಲಕ್ಕೂ ಸರಿಯದೆ ನೇರ ನಡೆದಳು. ಕಾಲುವೆಯ ಹಲಗೆ ದಾಟಿದಳು, ಕತ್ತರಿಸಿ ಬೆಳೆಸಿದ ಹುಲ್ಲಿನ ಮೇಲೆ ಕೆಸರುಗಾಲು ಊರುತ್ತ ಬಿಳಿಮನೆಯ ಅಂಗಳದ ನಟ್ಟನಡುವೆ ಬಂದು ಗಳು ಎತ್ತಿದಳು.

ಜಗುಲಿಯಲ್ಲಿ ಸಾಲ್ತೋಸ್ ಕಾಫಿ ಕುಡಿಯುತ್ತಿದ್ದ. ಮೊದಲು ಅವನಿಗೆ ಅರ್ಥವೇ ಆಗಲಿಲ್ಲ.

"ಏಯ್! ಇಲ್ಲೇನೇ ಕೆಲಸ ನಿಂಗೆ?"

ದಿಗ್ನಾ ಬಾವುಟ ಬೀಸಿದಳು. ವಿಮಾನ ನದಿಯ ಮೇಲೆ ಹೊರಳಿ ಗೆರೆ ಹಿಡಿಯಿತು. ಅದರ ರೆಕ್ಕೆಯ ಕೆಳಗಿಂದ ಬೆಳ್ಳನೆ ಪರದೆ ಇಳಿಯತೊಡಗಿತು. ಮೊದಲು ಸಾಲುಮನೆಗಳ ಮೇಲೆ, ಆಮೇಲೆ ಬಾಳೆಯ ಮೇಲೆ.

"ಇಳಿಸೇ ಅದನ್ನ! ಸೂಳೆಮುಂಡೆ, ಇಳಿಸು ಅಂದೆ!"

"ಮೂರನೇ ಎಲೆ ಇದು ಸ್ವಾಮಿ!" ದಿಗ್ನಾ ಕೂಗಿದಳು. "ನೀವೇ ಬರ್ದಿದ್ದು! ಹೆಸ್ರು ಮಾತ್ರ ನಂದು!"

ಅವನು ಎರಡು ಮೆಟ್ಟಿಲು ಇಳಿದ. ಮೇಲೆ ನೋಡಿದ. ತಿರುಗಿ ಓಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ಕಿಟಕಿಗಳು ಒಂದೊಂದಾಗಿ ಧಡ್ ಧಡ್ ಅಂತ ಮುಚ್ಚಿಕೊಂಡವು.

ಹಿತ್ತಲಿನಿಂದ ಒಬ್ಬಳು ಹೆಂಗಸು ಒದ್ದೆ ಹಾಸಿಗೆಬಟ್ಟೆಯ ಬುಟ್ಟಿ ಹೊತ್ತು ಓಡಿ ಬಂದಳು. ಆ ಮನೆಯಲ್ಲಿ ಬೇಯಿಸಿ ಒಗೆಯುವ ಪೆತ್ರಾ. ಅವಳು ಅಲ್ಲಿರುತ್ತಾಳೆ ಅನ್ನುವುದು ದಿಗ್ನಾಳ ಮನಸ್ಸಿಗೆ ಬಂದೇ ಇರಲಿಲ್ಲ.

"ಬಾಗ್ಲು ತಗೀರಿ ಅಯ್ಯಾ! ನಾ ಹೊರಗಿದೀನಿ! ಅಯ್ಯಾ!" ಪೆತ್ರಾ ಬುಟ್ಟಿ ಇಳಿಸಿ ಎರಡು ಕೈಯಲ್ಲಿ ಬಾಗಿಲು ಬಡಿದಳು. ಒಳಗೆ ಚಿಲಕ ಇನ್ನೊಂದು ಸಲ ಬಿಗಿಯಿತು.

"ಪೆತ್ರಾ, ಓಡು! ಹಿತ್ತಲಿಗೆ ಓಡೇ!"

ಪೆತ್ರಾ ಓಡಲಿಲ್ಲ. ಬಾಗಿಲನ್ನೊಮ್ಮೆ ನೋಡಿದಳು. ಬುಟ್ಟಿ ಜಗುಲಿಯ ಮೇಲೆ ಕವುಚಿ ಹಾಕಿ, ಬರಿಗಾಲಲ್ಲಿ ಹುಲ್ಲು ದಾಟಿ ಬಂದು ದಿಗ್ನಾಳ ಪಕ್ಕ ನಿಂತಳು. ಸೋಪಿನ ನೊರೆ ಆರದ ಕೈಯಿಂದ ಗಳುವನ್ನು ಅವಳ ಕೈಯ ಕೆಳಗೇ ಹಿಡಿದಳು.

ವಿಮಾನ ಕಾಲುವೆಗೆ ಬಂತು. ಪರದೆ ಇನ್ನೂ ಇಳಿಯುತ್ತಲೇ ಇತ್ತು.

"ಇನ್ನೂ ಮೇಲೆತ್ತಕ್ಕಾ," ಅಂದಳು ಪೆತ್ರಾ. "ಮೇಲಿರೋನಿಗೆ ಕಾಣ್ಲಿ."