ಅಂಗಾಲಿನ ಉರಿ

ಬೀದಿ ಮೂಲೆಯ ಇಸ್ತ್ರಿ ಅಂಗಡಿ ಅತ್ತೆ ಸೊಸೆಯರದು. ಅತ್ತೆ ಬಟ್ಟೆಗೆ ನೀರು ಚಿಮುಕಿಸಿ ಕೊಡುವವಳು, ಸೊಸೆ ದಿನವಿಡೀ ನಿಂತು ಇಸ್ತ್ರಿ ಮಾಡುವವಳು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಕಾಲರಿನ ಒಂದು ಸುಕ್ಕು ಸಾಕು, ಜಗಳ ಸಂಜೆಯವರೆಗೆ ಎಳೆಯುತ್ತಿತ್ತು.

ಹೀಗಿರುವಾಗ ಸೊಸೆಯ ಅಂಗಾಲು ಉರಿಯತೊಡಗಿತು. ಕೆಂಡದ ಮೇಲೆ ನಿಂತ ಹಾಗೆ. ಹೊದಿಕೆ ತಾಗಿದರೂ ತಡೆಯಲಾಗುತ್ತಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿದರು, ನರಗಳಿಗೆ ಕರೆಂಟು ಕೊಟ್ಟು ನೋಡಿದರು. ಎಲ್ಲವೂ ಸರಿಯಾಗಿತ್ತು. ಡಾಕ್ಟರು ತಲೆಯೆತ್ತದೆಯೇ, ಮನೆಯಲ್ಲಿ ಏನಾದರೂ ಚಿಂತೆಯೇ ಎಂದು ಕೇಳಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಾಗಹಾಕಿದರು. ಗಾರೆ ಕೆಲಸದ ಗಂಡನೂ ಅದನ್ನೇ ಹಿಡಿದುಕೊಂಡ. ಕೊನೆಗೆ ಅವಳಿಗೇ ಅನುಮಾನ ಬಂತು: ಉರಿ ಕಾಲಿನಲ್ಲಿದೆಯೋ, ತಲೆಯಲ್ಲೋ? ಹೇಳಿಕೊಳ್ಳುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ಅತ್ತೆ ಒಳಗೆ ಬಂದಾಗ ಸೊಸೆ ಬಕೆಟ್ಟಿನ ತಣ್ಣೀರಲ್ಲಿ ಕಾಲಿಟ್ಟುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಮರುದಿನ ಮುದುಕಿ ಅಂಗಡಿಗೆ ಬೀಗ ಜಡಿದು, ಅವಳನ್ನು ಬೇರೊಬ್ಬ ಡಾಕ್ಟರಮ್ಮನ ಬಳಿ ಕರೆದೊಯ್ದಳು.

ಡಾಕ್ಟರಮ್ಮ ಹಳೆಯ ರಿಪೋರ್ಟುಗಳನ್ನು ತಿರುವುತ್ತಿದ್ದಂತೆ ಅತ್ತೆಗೆ ತಡೆಯಲಾಗಲಿಲ್ಲ.

"ಅದರಲ್ಲಿ ಏನೂ ಇಲ್ಲ ಅಂತ ಗೊತ್ತು ತಾಯಿ. ಚಪ್ಪಲಿ ಹಾಕಿದೋರಿಗೇ ಗೊತ್ತು, ಅದು ಎಲ್ಲಿ ಕಚ್ಚುತ್ತೆ ಅಂತ. ಇವಳಿಗೂ ನನಗೂ ದಿನಾ ಜಗಳ. ಆದ್ರೆ ಇವಳು ಸುಳ್ಳು ಹೇಳೋಳಲ್ಲ."

ಸೊಸೆ ತಲೆ ತಗ್ಗಿಸಿದಳು. ಅತ್ತೆಯ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು.

ಡಾಕ್ಟರಮ್ಮ ಎದ್ದು ಬಂದು ಪಾದ ಮುಟ್ಟಿ ನೋಡಿದರು. ಉರಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನಿಧಾನವಾಗಿ ಕೇಳಿ ತಿಳಿದುಕೊಂಡರು.

"ನಿಮ್ಮ ಉರಿ ನಿಜವಾದದ್ದೇ," ಎಂದರು. "ತೀರಾ ಸಣ್ಣ ನರಗಳ ತೊಂದರೆ ಆ ಕರೆಂಟಿನ ಪರೀಕ್ಷೇಲಿ ಕಾಣಲ್ಲ. ಯಾಕೆ ಹೀಗಾಗಿದೆ ಅಂತ ನನಗಿನ್ನೂ ಗೊತ್ತಿಲ್ಲ. ಹುಡುಕೋಣ. ಅಲ್ಲೀವರೆಗೆ ಉರಿ ತಗ್ಗೋಕೆ ಮಾತ್ರೆ ಕೊಡ್ತೀನಿ."

ಗೊತ್ತಿಲ್ಲ ಎಂಬ ಮಾತು ಅಷ್ಟು ಹಿತವಾಗಿರಬಹುದೆಂದು ಸೊಸೆ ಎಣಿಸಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಮೈ ಹಗುರ.

ಕಾರಣ ಇನ್ನೂ ಸಿಕ್ಕಿಲ್ಲ. ಉರಿ ಪೂರ್ತಿ ಹೋಗಿಲ್ಲ, ಅರ್ಧಕ್ಕರ್ಧ ಇಳಿದಿದೆ. ಗಂಡ ಎತ್ತರದ ಸ್ಟೂಲೊಂದನ್ನು ತಂದಿಟ್ಟಿದ್ದಾನೆ. ಅವಳೀಗ ಕೂತೇ ಇಸ್ತ್ರಿ ಮಾಡುತ್ತಾಳೆ. ಉರಿ ಹೆಚ್ಚಾದ ದಿನ ಹೇಳುತ್ತಾಳೆ, ಅತ್ತೆ ಇಸ್ತ್ರಿಪೆಟ್ಟಿಗೆ ಕಸಿದುಕೊಂಡು ಅವಳನ್ನು ಬೆಂಚಿಗೆ ಅಟ್ಟುತ್ತಾಳೆ. ಮೊನ್ನೆ ಹಾಗೆ ಕೂತವಳು ಗೋಡೆಗೊರಗಿ ನಿದ್ದೆಹೋದಳು. ಗಿರಾಕಿಯೊಬ್ಬರು ಬಂದು ಜೋರಾಗಿ ಕರೆದಾಗ ಅತ್ತೆ ತುಟಿಗೆ ಬೆರಳಿಟ್ಟು, ಅವರ ಅಂಗಿಗಳನ್ನು ಸದ್ದಾಗದಂತೆ ಎತ್ತಿಕೊಟ್ಟಳು.